ಹಳೆಯ ಓಮ್ನಿಯ ಮುಂದಿನ ಚಕ್ರದ ಅಲೈನ್‌ಮೆಂಟ್ ಮನೆಯಲ್ಲೇ ಮಾಡಬಹುದಾ?

ಪ್ರಶ್ನೆ: ನಮ್ಮದು ಸಾಗರದ ಕಡೆಯ ಹಳ್ಳಿ. ಮನೆಯಲ್ಲಿ 2008ರ ಮಾರುತಿ ಓಮ್ನಿ ಇದೆ. ಅಡಿಕೆ, ಗೊಬ್ಬರ, ಮನೆಮಂದಿ ಎಲ್ಲಾ ಅದರಲ್ಲೇ. ಮಣ್ಣು ರಸ್ತೆಯ ಓಡಾಟ ಜಾಸ್ತಿ. ಕೆಲವು ತಿಂಗಳ ಹಿಂದೆ ಒಂದು ಕಡೆಯ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ) ಬದಲಾಯಿಸಿದೆವು, ಅಲೈನ್‌ಮೆಂಟ್ ಮಾಡಿಸಲಿಲ್ಲ. ಈಗ ಮುಂದಿನ ಎರಡೂ ಟೈರು ಹೊರ ಅಂಚಿನಲ್ಲಿ ಸವೆದಿವೆ, ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ, ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ. ದಾರ, ಟೇಪು ಇಟ್ಟುಕೊಂಡು ನಾವೇ ಅಲೈನ್‌ಮೆಂಟ್ ಮಾಡಬಹುದಾ? ಎಳೆತವೂ ಹೋಗುತ್ತದಾ? ಆನ್‌ಲೈನ್‌ನಲ್ಲಿ ಸಿಗುವ ಗೇಜ್ ಕೊಳ್ಳಬೇಕಾ?

ಉತ್ತರ: ಮಾಡಬಹುದು. ಓಮ್ನಿಯಂಥ ಗಾಡಿಯಲ್ಲಂತೂ ಧೈರ್ಯವಾಗಿ ಮಾಡಬಹುದು. ಅಲೈನ್‌ಮೆಂಟ್ ಅಂದಾಗ ಕ್ಯಾಂಬರ್, ಕ್ಯಾಸ್ಟರ್, ಟೋ ಅಂತ ಮೂರು ಮಾತು ಬರುತ್ತವೆ. ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರೋದು ಕ್ಯಾಂಬರ್, ಚಕ್ರ ತಿರುಗುವ ಅಚ್ಚು ಹಿಂದಕ್ಕೋ ಮುಂದಕ್ಕೋ ವಾಲಿರೋದು ಕ್ಯಾಸ್ಟರ್. ಓಮ್ನಿಯ ಮುಂದುಗಡೆ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ, ಇರುವ ಸರಳ ಸಸ್ಪೆನ್ಶನ್. ಇದರಲ್ಲಿ ಕ್ಯಾಂಬರ್, ಕ್ಯಾಸ್ಟರ್ ತಿರುಗಿಸೋಕೆ ಯಾವ ಬೋಲ್ಟನ್ನೂ ಕಂಪನಿ ಕೊಟ್ಟಿಲ್ಲ. ನಿಮ್ಮ ಕೈಗೆ ಸಿಗೋದು ಟೋ ಒಂದೇ. ಪೇಟೆಯ ಕಂಪ್ಯೂಟರ್ ಮಷೀನಿನವರೂ ಈ ಗಾಡಿಯಲ್ಲಿ ತಿರುಗಿಸೋದು ಅದನ್ನೇ.

ಟೋ ಅಂದರೆ ಏನು ಅಂತ ನಿಂತುಕೊಂಡೇ ನೋಡಬಹುದು. ಎರಡೂ ಪಾದಗಳ ಬೆರಳನ್ನು ತುಸು ಒಳಕ್ಕೆ ತಿರುಗಿಸಿ, ಅದು ಟೋ ಇನ್. ಹೊರಕ್ಕೆ ತಿರುಗಿಸಿದರೆ ಟೋ ಔಟ್. ಓಮ್ನಿಯಲ್ಲಿ ಇಂಜಿನ್ನಿನ ಬಲ ಹೋಗೋದು ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರ ಬರೀ ಉರುಳುತ್ತದೆ. ಓಡುವಾಗ ರಸ್ತೆ ಆ ಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ, ಸಸ್ಪೆನ್ಶನ್ನಿನ ಕೀಲುಗಳಲ್ಲಿರುವ ಬುಷ್‌ಗಳ ರಬ್ಬರ್ ಬಾಗುತ್ತದೆ, ಚಕ್ರದ ಮುಂಭಾಗ ಹೊರಕ್ಕೆ ತೆರೆದುಕೊಳ್ಳಲು ನೋಡುತ್ತದೆ. ಅದಕ್ಕೇ ನಿಂತಾಗ ಸ್ವಲ್ಪ ಟೋ ಇನ್ ಇಟ್ಟಿರುತ್ತಾರೆ, ಓಡುವಾಗ ಹೆಚ್ಚುಕಮ್ಮಿ ನೇರ ಆಗಲಿ ಅಂತ. ಎಷ್ಟು ಇಡಬೇಕು ಅನ್ನೋದು ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ವರ್ಷ ಹೇಳಿ, ಕೇಳಿ ಬರೆದುಕೊಳ್ಳಿ. ಅದು ಕೆಲವೇ ಮಿಲಿಮೀಟರಿನ ಲೆಕ್ಕ.

ಆ ಕೆಲವು ಮಿಲಿಮೀಟರಿಗೆ ಇಷ್ಟು ಬೆಲೆ ಯಾಕೆ ಅಂತ ಒಂದು ಲೆಕ್ಕ ಹಾಕೋಣ. ಓಮ್ನಿಯ 12 ಇಂಚಿನ ರಿಮ್ಮಿನ ಟೈರು ಸುಮಾರು 540 ಮಿ.ಮೀ. ವ್ಯಾಸದ್ದು. ಒಂದು ಚಕ್ರ 3 ಮಿ.ಮೀ. ಓರೆಯಾಗಿದೆ ಅಂದುಕೊಳ್ಳಿ. 3ನ್ನು 540ರಿಂದ ಭಾಗಿಸಿದರೆ, ಗಾಡಿ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಆ ಟೈರನ್ನು ಐದೂವರೆ ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗಾಯಿತು. ದಿನಾ 40 ಕಿಲೋಮೀಟರ್ ಓಡಿದರೆ 220 ಮೀಟರ್. ಹೊಸ ಟೈರು ಕೆಲವೇ ತಿಂಗಳಲ್ಲಿ ಬೋಳಾಗೋದು ಹೀಗೆ.

ನಿಮ್ಮ ಗಾಡಿಗೆ ಆಗಿರೋದು ಇದೇ ಅನ್ನೋದು ನನ್ನ ಊಹೆ. ಹೊಸ ಟೈ ರಾಡ್ ಎಂಡನ್ನು ಹಳೆಯದು ಇದ್ದಷ್ಟೇ ಥ್ರೆಡ್ಡಿಗೆ ಕೂರಿಸಿದರೂ ಟೋ ಬದಲಾಗುತ್ತದೆ. ಎರಡು ಬಿಡಿಭಾಗಗಳ ಉದ್ದ ಕೂದಲೆಳೆಯಷ್ಟಾದರೂ ಬೇರೆ ಇರುತ್ತದೆ. ಒಂದೇ ಕಡೆ ಬದಲಾಯಿಸಿದ್ದು, ಎರಡೂ ಟೈರು ಯಾಕೆ ಸವೆದವು ಅಂತ ಅನಿಸಬಹುದು. ಓಡುವ ಗಾಡಿ ಆ ತಪ್ಪನ್ನು ಎರಡೂ ಚಕ್ರಕ್ಕೆ ಅರ್ಧರ್ಧ ಹಂಚಿಬಿಡುತ್ತದೆ. ಹಾಗಾಗಿ ಎರಡೂ ಸವೆಯುತ್ತವೆ, ಸ್ಟೀರಿಂಗ್ ಮಾತ್ರ ಸೊಟ್ಟ ನಿಲ್ಲುತ್ತದೆ. ನೀವು ಹೇಳಿದ ಎರಡೂ ಲಕ್ಷಣ ಒಂದೇ ಕಾರಣಕ್ಕೆ ಸೇರುತ್ತವೆ.

ಕೈಯಿಂದಲೂ ಖಾತ್ರಿ ಮಾಡಿಕೊಳ್ಳಿ. ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಒಳಕ್ಕೆ ಸವರಿದಾಗ ನುಣುಪು, ಹೊರಕ್ಕೆ ಎಳೆದಾಗ ಗರಗರ ಅಂತ ಅಂಚು ಚುಚ್ಚಿದರೆ ಟೋ ಇನ್ ಜಾಸ್ತಿ ಆಗಿದೆ. ಉಲ್ಟಾ ಇದ್ದರೆ ಟೋ ಔಟ್. ಒಂದೇ ಟೈರಿನ ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಅದು ಗಾಳಿ ಕಮ್ಮಿ ಇಟ್ಟು ಓಡಿಸಿದ್ದು. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ನೋಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಟೇಪು ಮುಟ್ಟುವ ಮೊದಲು ಗಾಡಿಯಲ್ಲಿ ಏನೇನು ಲೂಸ್ ಇದೆ ಅಂತ ಹುಡುಕಿ. ಹಳೆಯ ಗಾಡಿಯ ಅಲೈನ್‌ಮೆಂಟ್ ಕೆಡೋದು ಬಹುತೇಕ ಸವೆದ ಭಾಗಗಳಿಂದ. ಬುಷ್ ಹೋಗಿರುವ ಗಾಡಿಯಲ್ಲಿ ನೀವು ಎಷ್ಟೇ ಚೆನ್ನಾಗಿ ಅಳೆದು ಕೂರಿಸಿದರೂ ಮೊದಲ ಗುಂಡಿಯಲ್ಲೇ ಆ ಅಳತೆ ಸುಳ್ಳಾಗುತ್ತದೆ. ನಾನು ಈ ಕೆಲಸಕ್ಕೆ ಒಂದು ದಿನ ಇಡಿ ಅಂತ ಹೇಳಿದರೆ, ಅದರಲ್ಲಿ ಅರ್ಧ ದಿನ ಈ ತಪಾಸಣೆಗೇ ಇಡಿ.

ಮುಂಭಾಗ ಜಾಕಿ ಕೊಟ್ಟು ಎತ್ತಿ, ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಸಿಮೆಂಟ್ ಬ್ಲಾಕ್, ಇಟ್ಟಿಗೆ ಜೋಡಿಸಿ ಗಾಡಿ ಕೆಳಗೆ ಹೋಗಬೇಡಿ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಆಮೇಲೆ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಆಟ, ಅಂದರೆ ಸಡಿಲ, ಕಂಡರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಲು ಹೇಳಿ, ಮತ್ತೆ ಅಲುಗಿಸಿ. ಬ್ರೇಕ್ ಒತ್ತಿದಾಗ ಆಟ ಹೋಯಿತು ಅಂದರೆ ಬೇರಿಂಗ್. ಹೋಗಲಿಲ್ಲ ಅಂದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ಟಿನ ಕಡೆ ನೋಡಿ. ಎಡಕ್ಕೊಂದು ಬಲಕ್ಕೊಂದು ಕೈಯಿಟ್ಟು ಅಲುಗಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗಿನ ತಿರುವನ್ನು ಟೈ ರಾಡಿಗೆ ಮುಟ್ಟಿಸುವ ಸ್ಟೀರಿಂಗ್ ರ‍್ಯಾಕ್. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬುಷ್‌ಗೆ ಲಿವರ್ ಹಾಕಿ ಮೀಟಿ ನೋಡಿ. ರಬ್ಬರ್ ಬಿರುಕು ಬಿಟ್ಟು ಆರ್ಮ್ ಕಟಕಟ ಅಂದರೆ ಬುಷ್ ಬದಲಾಯಿಸಿ, ಆಮೇಲೆ ಮುಂದಿನ ಮಾತು. ಕೊನೆಗೆ ಗಾಡಿಯನ್ನು ನೆಲಕ್ಕಿಳಿಸಿ, ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಸಣ್ಣಗೆ ಆಡಿಸಲಿ, ನೀವು ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ.

ಹಿಂದುಗಡೆಯನ್ನೂ ಮರೆಯಬೇಡಿ. ಓಮ್ನಿಯ ಹಿಂದೆ ಇರೋದು ಗಟ್ಟಿ ಆಕ್ಸಲ್, ಅದನ್ನು ಹಿಡಿದಿರೋದು ಪ್ಲೇಟುಗಳು, ಅಂದರೆ ಲೀಫ್ ಸ್ಪ್ರಿಂಗ್. ಭಾರ ಹೇರುವ ಗಾಡಿಗಳಲ್ಲಿ ಆಕ್ಸಲನ್ನು ಪ್ಲೇಟಿಗೆ ಬಿಗಿದಿರುವ ಯು ಬೋಲ್ಟ್ ಸಡಿಲವಾಗಿ ಅಥವಾ ಪ್ಲೇಟಿನ ನಡುವಿನ ಬೋಲ್ಟ್ ತುಂಡಾಗಿ ಆಕ್ಸಲ್ ಒಂದು ಬದಿ ಸರಿದಿರುತ್ತದೆ. ಆಗ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ಮುಂದೆ ಏನು ಮಾಡಿದರೂ ಸ್ಟೀರಿಂಗ್ ನೇರ ಆಗೋದಿಲ್ಲ. ಪರೀಕ್ಷೆ ಸುಲಭ. ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಎರಡೂ ಬದಿ ಅಳೆಯಿರಿ. ಓಮ್ನಿಯಲ್ಲಿ ಅದು ಸುಮಾರು 1840 ಮಿ.ಮೀ. ಇರಬೇಕು. ಅದಕ್ಕಿಂತ ಮುಖ್ಯ, ಎಡ ಬಲ ಒಂದೇ ಬರಬೇಕು. ಐದಾರು ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಮೊದಲು ಅದರ ಕಾರಣ ಹುಡುಕಿ.

ಇಷ್ಟಾದ ಮೇಲೆ ಜಾಗ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇಡ. ನಾಲ್ಕು ಚಕ್ರ ನಿಲ್ಲುವ ಕಡೆಯೂ ಒಂದೇ ಮಟ್ಟ ಇದೆಯಾ ಅಂತ ಗಾರೆಯವರ ನೀರಿನ ಟ್ಯೂಬಿನಿಂದ ನೋಡಿ. ತಗ್ಗಿರುವ ಕಡೆ ತಗಡು ಅಥವಾ ತೆಳು ಹಲಗೆ ಹಾಕಿ. ಟೈರಿಗೆ ಗಾಳಿ ಸರಿಯಾಗಿ ತುಂಬಿಸಿ. ಎಷ್ಟು ಅನ್ನೋದು ಗಾಡಿಗೆ ಅಂಟಿಸಿರುವ ಸ್ಟಿಕರಿನಲ್ಲಿ ಅಥವಾ ಓನರ್ಸ್ ಮ್ಯಾನುಯಲ್‌ನಲ್ಲಿದೆ. ಮುಂದಿನ ಎರಡೂ ಟೈರು ಒಂದೇ ಕಂಪನಿ, ಒಂದೇ ಸೈಜು, ಹೆಚ್ಚುಕಮ್ಮಿ ಒಂದೇ ಸವೆತ ಇರಲಿ. ಗಾಡಿಯಲ್ಲಿನ ಗೊಬ್ಬರದ ಚೀಲ ಇಳಿಸಿ. ಗಾಡಿ ಎತ್ತರ ಬದಲಾದರೆ ಟೋ ಕೂಡ ಸ್ವಲ್ಪ ಬದಲಾಗುತ್ತದೆ. ಮ್ಯಾನುಯಲ್‌ನ ಅಂಕಿ ಖಾಲಿ ಗಾಡಿಗೆ ಕೊಟ್ಟಿದ್ದು.

ಇನ್ನೊಂದು ವಿಷಯ. ಜಾಕಿಯಿಂದ ಇಳಿಸಿದ ಕೂಡಲೇ ಅಳೆಯಬೇಡಿ. ಆಗ ಚಕ್ರಗಳು ಕಾಲು ಚಾಚಿದ ಹಾಗೆ ನಿಂತಿರುತ್ತವೆ, ಅಳತೆ ತಪ್ಪು ಬರುತ್ತದೆ. ಗಾಡಿಯನ್ನು ನಾಲ್ಕಾರು ಮೀಟರ್ ಹಿಂದೆ ತಳ್ಳಿ, ಮತ್ತೆ ಮುಂದಕ್ಕೆ ತಳ್ಳಿ ತನ್ನಷ್ಟಕ್ಕೆ ನಿಲ್ಲಲು ಬಿಡಿ. ಕೊನೆಯ ಉರುಳು ಯಾವಾಗಲೂ ಮುಂದಕ್ಕೇ ಇರಲಿ. ಬ್ರೇಕ್ ಒತ್ತಿ ನಿಲ್ಲಿಸಬೇಡಿ. ಬಾನೆಟ್ ಜಾಗವನ್ನು ಎರಡು ಸಲ ಒತ್ತಿ ಕುಲುಕಿಸಿ, ಸಸ್ಪೆನ್ಶನ್ ಕೂರಲಿ.

ಅಳೆಯೋಕೆ ನನಗೆ ಇಷ್ಟವಾದ ದಾರಿ ದಾರದ ಚೌಕಟ್ಟು. ಟೇಪು ಹಿಡಿದು ಬರೀ ಎರಡು ಟೈರಿನ ನಡುವಿನ ಅಂತರ ಅಳೆದರೆ ಒಟ್ಟು ಟೋ ಗೊತ್ತಾಗುತ್ತದೆ, ಆದರೆ ಯಾವ ಚಕ್ರ ಎಷ್ಟು ಓರೆ ಅಂತ ಗೊತ್ತಾಗೋದಿಲ್ಲ. ನಿಮಗೆ ಸ್ಟೀರಿಂಗೂ ನೇರ ಆಗಬೇಕು, ಅಲ್ವಾ? ಹಾಗಾದರೆ ಪ್ರತಿ ಚಕ್ರವನ್ನೂ ಗಾಡಿಯ ನಡುಗೆರೆಗೆ ಹೋಲಿಸಿ ಅಳೆಯಬೇಕು. ದಾರ ಆ ಕೆಲಸ ಮಾಡುತ್ತದೆ.

ಆರಡಿ ಉದ್ದದ ಎರಡು ಪೈಪ್ ತಗೊಳ್ಳಿ. ಎರಡನ್ನೂ ಒಟ್ಟಿಗೆ ಜೋಡಿಸಿ ಹಿಡಿದು, ಎರಡೂ ತುದಿಯ ಹತ್ತಿರ ಅರದಿಂದ ಒಂದೇ ಸಲ ಗೀರು ಹಾಕಿ. ಹೀಗೆ ಮಾಡಿದರೆ ಗೀರುಗಳ ನಡುವಿನ ಅಂತರ ಎರಡರಲ್ಲೂ ಒಂದೇ ಇರುತ್ತದೆ. ಒಂದು ಪೈಪನ್ನು ಗಾಡಿಯ ಮುಂದೆ, ಇನ್ನೊಂದನ್ನು ಹಿಂದೆ ಸ್ಟ್ಯಾಂಡ್ ಮೇಲೆ ಅಡ್ಡ ಇಡಿ. ಗೀರುಗಳಲ್ಲಿ ನೈಲಾನ್ ದಾರ ಕೂರಿಸಿ ಬಿಗಿಯಾಗಿ ಎಳೆದು ಕಟ್ಟಿ. ಗಾಡಿಯ ಎಡ ಬಲ ಎರಡು ದಾರ ಬಂತು, ಅವು ಒಂದಕ್ಕೊಂದು ಸಮಾನಾಂತರ. ಎತ್ತರ ಹಬ್ಬಿನ ನಡುವಿಗೆ ಬರಲಿ, ಓಮ್ನಿಯಲ್ಲಿ ಅದು ಗೇಣಿಗಿಂತ ತುಸು ಮೇಲೆ. ಈಗ ಪೈಪುಗಳನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಿ. ಹಿಂದಿನ ಎಡ ಹಬ್ಬಿನಿಂದ ದಾರಕ್ಕಿರುವ ದೂರ, ಹಿಂದಿನ ಬಲ ಹಬ್ಬಿನಿಂದ ದಾರಕ್ಕಿರುವ ದೂರ ಒಂದೇ ಆಗಬೇಕು. ಮುಂದೆಯೂ ಹಾಗೇ. ಮುಂದಿನ ದೂರ ಹಿಂದಿನ ದೂರಕ್ಕೆ ಸಮ ಬರಬೇಕಾಗಿಲ್ಲ, ಎಡ ಬಲ ಸಮ ಬಂದರೆ ಸಾಕು. ಇದಕ್ಕೆ ತಾಳ್ಮೆ ಬೇಕು. ಮುಂದೆ ಸರಿಸಿದರೆ ಹಿಂದೆ ಕೆಡುತ್ತದೆ, ಹಿಂದೆ ಸರಿಮಾಡಿದರೆ ಮುಂದೆ ಕೆಡುತ್ತದೆ. ಬೇಸರ ಮಾಡಿಕೊಳ್ಳದೆ ನಾಲ್ಕೂ ಕಡೆ ಕೂರುವ ತನಕ ಮಾಡಿ. ಆಮೇಲೆ ಯಾರೂ ದಾರ ತುಳಿಯದ ಹಾಗೆ ಮಕ್ಕಳನ್ನು ದೂರ ಇಡಿ.

ಸ್ಟೀರಿಂಗನ್ನು ನೇರ ನಿಲ್ಲಿಸಿ ಹಗ್ಗದಿಂದ ಸೀಟಿಗೆ ಕಟ್ಟಿಬಿಡಿ. ಸ್ಟೀಲ್ ಸ್ಕೇಲ್ ತಗೊಂಡು ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ, ಆಮೇಲೆ ಹಿಂದಿನ ಅಂಚಿಗೆ ಅಳೆಯಿರಿ. ದಾರ ಹೊರಗಡೆ ಇರೋದರಿಂದ, ಮುಂದಿನ ಅಂಚು ದಾರದಿಂದ ಜಾಸ್ತಿ ದೂರ ಇದ್ದರೆ ಅದು ಟೋ ಇನ್. ಹಿಂದಿನ ಚಕ್ರಗಳನ್ನೂ ಅಳೆದು ಬರೆದಿಡಿ. ಒಂದು ಬದಿ ಟೋ ಇನ್, ಇನ್ನೊಂದು ಬದಿ ಅಷ್ಟೇ ಟೋ ಔಟ್ ಬಂದರೆ ಆಕ್ಸಲ್ ಓರೆಯಾಗಿದೆ ಅಂತ ಅರ್ಥ.

ರಿಮ್ ಬೆಂಡಾಗಿದ್ದರೆ? ಮಣ್ಣು ರಸ್ತೆಯ ಗಾಡಿಯಲ್ಲಿ ಅದು ಸಾಮಾನ್ಯ. ಮೊದಲೇ ಜಾಕಿ ಮೇಲೆ ಇದ್ದಾಗ ಚಕ್ರ ತಿರುಗಿಸಿ, ರಿಮ್ಮಿನ ಪಕ್ಕ ಒಂದು ಕಡ್ಡಿ ಅಲುಗದ ಹಾಗೆ ಹಿಡಿದು ನೋಡಿ. ಎಲ್ಲಿ ಹೆಚ್ಚು ಹೊರಬರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಅಳೆಯುವಾಗ ಆ ಗುರುತು ಮೇಲೆ ಅಥವಾ ಕೆಳಗೆ ಬರುವಂತೆ ಗಾಡಿ ನಿಲ್ಲಿಸಿ. ಆಗ ಮುಂದಿನ ಮತ್ತು ಹಿಂದಿನ ಅಂಚಿಗೆ ಆ ಬೆಂಡಿನ ಪರಿಣಾಮ ಅಷ್ಟಾಗಿ ಇರೋದಿಲ್ಲ. ತುಂಬಾ ಬೆಂಡಾಗಿರುವ ರಿಮ್ಮನ್ನು ಸ್ಟೆಪ್ನಿಗೆ ಹಾಕಬೇಡಿ, ಬದಲಾಯಿಸಿ.

ಅಂಕಿ ಓದುವಾಗ ಒಂದು ಎಚ್ಚರ. ರಿಮ್ಮಿನಲ್ಲಿ ಅಳೆದ 1 ಮಿ.ಮೀ. ಟೈರಿನ ಹೊರ ಸುತ್ತಿನಲ್ಲಿ ಸುಮಾರು 1.6 ಮಿ.ಮೀ. ಆಗುತ್ತದೆ, ಯಾಕಂದರೆ ಟೈರಿನ ವ್ಯಾಸ ದೊಡ್ಡದು. ಮ್ಯಾನುಯಲ್ ಯಾವ ಜಾಗದ ಅಳತೆ ಹೇಳುತ್ತಿದೆ ಅಂತ ನೋಡಿಕೊಳ್ಳಿ. ಮಷೀನಿನ ಚೀಟಿಯಲ್ಲಿ ಡಿಗ್ರಿ, ಮಿನಿಟ್ ಇರುತ್ತದೆ (ಒಂದು ಡಿಗ್ರಿಗೆ 60 ಮಿನಿಟ್). ನಿಮ್ಮ ಟೈರಿಗೆ 10 ಮಿನಿಟ್ ಅಂದರೆ ಸುಮಾರು ಒಂದೂವರೆ ಮಿ.ಮೀ.

ಈಗ ತಿರುಗಿಸುವ ಕೆಲಸ. ಟೈ ರಾಡ್ ಆಕ್ಸಲ್ ಗೆರೆಗಿಂತ ಹಿಂದೆ ಇದ್ದರೆ, ಅದನ್ನು ಉದ್ದ ಮಾಡಿದಾಗ ಚಕ್ರದ ಹಿಂಭಾಗ ಹೊರಹೋಗಿ ಟೋ ಇನ್ ಜಾಸ್ತಿ ಆಗುತ್ತದೆ. ಮುಂದೆ ಇದ್ದರೆ ಉಲ್ಟಾ. ಬಗ್ಗಿ ನೋಡಿ, ನಿಮ್ಮ ಗಾಡಿಯಲ್ಲಿ ಯಾವ ಕಡೆ ಇದೆ ಅಂತ ಕಣ್ಣಾರೆ ಖಚಿತ ಮಾಡಿಕೊಂಡೇ ಸ್ಪ್ಯಾನರ್ ಹಿಡಿಯಿರಿ. ಥ್ರೆಡ್ಡಿನ ಮಣ್ಣನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಈಗಿರುವ ಜಾಗಕ್ಕೆ ಪೇಂಟಿನಿಂದ ಗುರುತು ಮಾಡಿ, ಎಲ್ಲಾ ಕೆಟ್ಟರೂ ವಾಪಸ್ ಬರೋಕೆ ಒಂದು ದಾರಿ ಇರಲಿ. ಟೈ ರಾಡ್ ಎಂಡನ್ನು ಒಂದು ಸ್ಪ್ಯಾನರಿನಿಂದ ಹಿಡಿದು, ಇನ್ನೊಂದರಿಂದ ಲಾಕ್ ನಟ್ ಸಡಿಲಿಸಿ. ರ‍್ಯಾಕಿನ ರಬ್ಬರ್ ಬೂಟಿನ ಕ್ಲಿಪ್ಪನ್ನೂ ಸಡಿಲ ಮಾಡಿ. ಇಲ್ಲದಿದ್ದರೆ ರಾಡ್ ತಿರುಗಿದಾಗ ಬೂಟ್ ಹುರಿಯಾಗಿ ಹರಿಯುತ್ತದೆ, ಒಳಗೆ ಮಣ್ಣು ಹೋಗುತ್ತದೆ, ಆಮೇಲೆ ರ‍್ಯಾಕ್ ಖರ್ಚು ಬರುತ್ತದೆ.

ಎಷ್ಟು ತಿರುಗಿಸಬೇಕು? ಥ್ರೆಡ್ಡಿನ ಪಿಚ್ (ಎರಡು ಎಳೆಗಳ ನಡುವಿನ ಅಂತರ) 1.25 ಮಿ.ಮೀ., ಟೈ ರಾಡ್ ಚಕ್ರವನ್ನು ತಿರುಗಿಸಲು ಹಿಡಿದಿರುವ ಸ್ಟೀರಿಂಗ್ ಆರ್ಮ್ 110 ಮಿ.ಮೀ. ಅಂತ ಇಟ್ಟುಕೊಂಡರೆ, ಒಂದು ಪೂರ್ತಿ ಸುತ್ತಿಗೆ ಟೈರಿನ ಹತ್ತಿರ ಸುಮಾರು 6 ಮಿ.ಮೀ. ಬದಲಾಗುತ್ತದೆ. ನಿಮ್ಮ ಗಾಡಿಯ ಅಳತೆ ಸ್ವಲ್ಪ ಬೇರೆ ಇರಬಹುದು. ಏನೇ ಇರಲಿ, ಕಾಲು ಸುತ್ತೂ ದೊಡ್ಡ ಸುತ್ತೇ. ಕಾಲಿಗಿಂತ ಕಮ್ಮಿ ತಿರುಗಿಸಿ, ಗಾಡಿಯನ್ನು ಹಿಂದೆ ಮುಂದೆ ಉರುಳಿಸಿ, ಮತ್ತೆ ಅಳೆಯಿರಿ. ಪ್ರತಿ ಸಲ ಉರುಳಿಸಿ ದಾರ ಹೊಸದಾಗಿ ಕೂರಿಸೋದು ಕಷ್ಟ ಅನಿಸಿದರೆ, ಮುಂದಿನ ಎರಡೂ ಚಕ್ರದ ಕೆಳಗೆ ಎರಡೆರಡು ನುಣುಪಾದ ತಗಡು ಇಟ್ಟು ನಡುವೆ ಗ್ರೀಸ್ ಹಚ್ಚಿ. ಚಕ್ರ ನಿಂತಲ್ಲೇ ಜಾರಿ ಸರಿಯಾದ ಜಾಗಕ್ಕೆ ಬರುತ್ತದೆ. ತಗಡಿನ ದಪ್ಪದಷ್ಟನ್ನು ಹಿಂದಿನ ಚಕ್ರಕ್ಕೂ ಕೊಟ್ಟು ಮಟ್ಟ ಸರಿಮಾಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡೋದು ಇಲ್ಲಿ ಇನ್ನೂ ಮುಖ್ಯ.

ಸ್ಟೀರಿಂಗ್ ನೇರ ಕಟ್ಟಿರುವಾಗ ಎರಡೂ ಚಕ್ರಕ್ಕೆ ಸಮಪಾಲು ಟೋ ಬರಬೇಕು. ಹಾಗೆ ಬಂದರೆ ರಸ್ತೆಯಲ್ಲೂ ಸ್ಟೀರಿಂಗ್ ನೇರ ಇರುತ್ತದೆ. ಸ್ಟೀರಿಂಗ್ ವೀಲ್ ಕಳಚಿ, ತಿರುಗಿಸಿ ಹಾಕಿ ನೇರ ಮಾಡುವ ಅಡ್ಡದಾರಿ ಹಿಡಿಯಬೇಡಿ. ರ‍್ಯಾಕ್ ನಡುವಿನಿಂದ ತಪ್ಪುತ್ತದೆ, ಒಂದು ಕಡೆ ತಿರುವು ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆಗುತ್ತದೆ. ಎರಡೂ ಟೈ ರಾಡಿನ ಹೊರಗೆ ಕಾಣುವ ಥ್ರೆಡ್ ಕೂಡ ಹೆಚ್ಚುಕಮ್ಮಿ ಒಂದೇ ಇರಲಿ. ಬಹಳ ವ್ಯತ್ಯಾಸ ಇದ್ದರೆ ರ‍್ಯಾಕ್ ನಡುವಿಗಿದೆಯಾ ಅಂತ ಈ ತುದಿಯಿಂದ ಆ ತುದಿಗೆ ಸುತ್ತು ಎಣಿಸಿ ನೋಡಿ.

ಮುಗಿದ ಮೇಲೆ ಲಾಕ್ ನಟ್ಟುಗಳನ್ನು ಗಟ್ಟಿಯಾಗಿ ಬಿಗಿ ಮಾಡಿ, ಬೂಟಿನ ಕ್ಲಿಪ್ ಹಾಕಿ, ಮತ್ತೊಮ್ಮೆ ಅಳೆಯಿರಿ. ನಟ್ ಬಿಗಿಯುವಾಗಲೇ ಅರ್ಧ ಮಿಲಿಮೀಟರ್ ಹೋಗಿರುತ್ತದೆ. ಬೇರೊಬ್ಬರ ಕೈಯಲ್ಲಿ ಎಲ್ಲಾ ನಟ್ಟನ್ನೂ ಇನ್ನೊಂದು ಸಲ ಪರೀಕ್ಷೆ ಮಾಡಿಸಿ. ಓಮ್ನಿಯಲ್ಲಿ ಮುಂದೆ ಕೂತವರ ಕಾಲಿಗೂ ರಸ್ತೆಗೂ ನಡುವೆ ಏನೂ ಇಲ್ಲ. ಸ್ಟೀರಿಂಗ್ ಕೆಲಸದಲ್ಲಿ ಈ ಗಾಡಿಗೆ ಎಷ್ಟು ಜಾಗ್ರತೆ ಮಾಡಿದರೂ ಕಮ್ಮಿಯೇ. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನಕ್ಕೆ. ವಾರ ಓಡಿಸಿದ ಮೇಲೆ ಟೈರನ್ನು ಮತ್ತೆ ಕೈಯಿಂದ ಸವರಿ ನೋಡಿ, ಗರಗರ ಕಮ್ಮಿಯಾಗುತ್ತಿರಬೇಕು.

ಇನ್ನು ಎಡಕ್ಕೆ ಎಳೆಯೋದು. ಟೋ ಸರಿಮಾಡಿದರೆ ಅದು ಹೋಗುತ್ತದೆ ಅಂತ ನಂಬಿಕೊಂಡಿರಬೇಡಿ. ಟೋ ತಪ್ಪು ಎರಡೂ ಬದಿಗೆ ಹಂಚಿಹೋಗುವುದರಿಂದ ಸಾಮಾನ್ಯವಾಗಿ ಎಳೆತ ಕೊಡೋದಿಲ್ಲ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ವಾಲಿರುತ್ತವೆ, ಸ್ವಲ್ಪ ಎಡಕ್ಕೆ ಹೋಗೋದು ಸಹಜ. ಜಾಸ್ತಿ ಎಳೆದರೆ ಮುಂದಿನ ಎರಡು ಟೈರನ್ನು ಎಡ ಬಲ ಅದಲುಬದಲು ಮಾಡಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ಟೈರಿನದೇ ದೋಷ. ಬದಲಾಗದಿದ್ದರೆ ಹತ್ತು ಕಿಲೋಮೀಟರ್ ಓಡಿಸಿ ಎರಡೂ ಚಕ್ರದ ಹತ್ತಿರ ಕೈ ಇಟ್ಟು ಬಿಸಿ ಹೋಲಿಸಿ. ಮುಟ್ಟಬೇಡಿ, ಸುಡುತ್ತದೆ. ಎಡದ್ದು ಜಾಸ್ತಿ ಬಿಸಿ ಇದ್ದರೆ ಆ ಬದಿ ಬ್ರೇಕ್ ಹಿಡಿದುಕೊಂಡಿದೆ.

ಅದೂ ಅಲ್ಲದಿದ್ದರೆ ಕ್ಯಾಂಬರ್ ನೋಡಿ. ಗಾರೆಯವರ ತೂಗುಗುಂಡನ್ನು ಚಕ್ರದ ಪಕ್ಕ ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚು, ಕೆಳಂಚಿಗೆ ಅಳೆಯಿರಿ. 12 ಇಂಚಿನ ರಿಮ್ಮಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 6 ಮಿ.ಮೀ. ಎಡ ಬಲದ ನಡುವೆ ಮೂರ್ನಾಲ್ಕು ಮಿ.ಮೀ. ವ್ಯತ್ಯಾಸ ಕಂಡರೆ ಎಲ್ಲೋ ಆರ್ಮ್ ಅಥವಾ ಸ್ಟ್ರಟ್ ಬೆಂಡಾಗಿದೆ, ಇಲ್ಲವೇ ಸ್ಪ್ರಿಂಗ್ ಕೂತಿದೆ. ಇದು ಮನೆಯಲ್ಲಿ ಮುಗಿಯುವ ಕೆಲಸ ಅಲ್ಲ. ಸರಪಳಿ ಕಟ್ಟಿ, ಜಾಕಿ ಕೊಟ್ಟು ಎಳೆದು ನೇರ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಒಮ್ಮೆ ಬಾಗಿದ್ದನ್ನು ಮತ್ತೆ ಬಾಗಿಸಿದರೆ ಆ ಕಬ್ಬಿಣ ಬಿರುಕು ಬಿಡಬಹುದು. ಬಿಡಿಭಾಗ ಬದಲಾಯಿಸೋದೇ ಸರಿ. ಓಮ್ನಿ ತಯಾರಿಕೆ 2019ರಲ್ಲಿ ನಿಂತರೂ 1984ರಿಂದ ಅಷ್ಟು ವರ್ಷ ಓಡಿದ ಗಾಡಿ, ಈ ಭಾಗಗಳು ಇನ್ನೂ ಸುಲಭವಾಗಿ ಸಿಗುತ್ತವೆ.

ಗೇಜ್ ವಿಷಯ. ನನ್ನ ಅಭಿಪ್ರಾಯದಲ್ಲಿ ಬೇಡ. ಲೇಸರ್ ಇರುವ ಕಮ್ಮಿ ಬೆಲೆಯ ಗೇಜ್ ಸ್ವತಃ ಸರಿಯಾಗಿದೆಯಾ ಅಂತ ತಿಳಿಯೋಕೆ ಕೊನೆಗೆ ದಾರವನ್ನೇ ಕಟ್ಟಬೇಕಾಗುತ್ತದೆ. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಜಾಕ್ ಸ್ಟ್ಯಾಂಡ್ ಕೊಳ್ಳಿ. ಅದರ ಮೇಲೆ ಹಾಕಿರುವ ತೂಕದ ಅಂಕಿ ಓದಿ, ನಿಮ್ಮ ಗಾಡಿಗೆ ಸಾಲುವಂಥದ್ದನ್ನೇ ತಗೊಳ್ಳಿ. ಮಿಕ್ಕಿದ್ದರಲ್ಲಿ ಒಂದಡಿಯ ಸ್ಟೀಲ್ ಸ್ಕೇಲ್ ಬರುತ್ತದೆ. ಸೊನ್ನೆ ಸರಿಯಾಗಿ ತುದಿಯಿಂದಲೇ ಶುರುವಾಗುವ ಸ್ಕೇಲ್ ನೋಡಿ ಆರಿಸಿ.